ಮೊದಲು ವಂದಿಸಿದವರು ಮಾತೆ ಮರಿಯಮ್ಮ

(ಮಾತೆ ಮರಿಯಮ್ಮನವರ ಭೇಟಿಯ ಹಬ್ಬದ ಪ್ರಬೋಧನೆ, ಮೇ 31. ವಾಚನ: ಲೂಕ 1:39-56)



ಇಂದು ಬಲಿಪೂಜೆಗೆ ಮುಂಚೆ ಹತ್ತು ನಿಮಿಷ ಇಗರ್ಜಿಯ ಬಾಗಿಲಲ್ಲಿ ನಿಂತಿದ್ದೆ. ಎಷ್ಟೊಂದು ಬಗೆಯ ವಂದನೆಗಳು ಕಿವಿಗೆ ಬಿದ್ದವು! ಒಬ್ಬ ಅಜ್ಜಿ ಇನ್ನೊಬ್ಬ ಅಜ್ಜಿಯ ಕೈ ಹಿಡಿದು ಕೊಂಕಣಿಯಲ್ಲಿ "ಬರಿ ಆಸಾಯ್‌ಗೀ?" ಎಂದು ಕೇಳಿದರು. ಗೇಟಿನ ಹತ್ತಿರ ರಿಕ್ಷಾ ನಿಲ್ಲಿಸಿದವರು ತುಳುವಿನಲ್ಲಿ "ಎಂಚ ಉಲ್ಲರ್?" ಎಂದರು. ಕನ್ನಡದ ನಮಸ್ಕಾರವೂ ಇತ್ತು, ಯುವಕರ "ಹಾಯ್" ಕೂಡ ಇತ್ತು. ಒಂದು ಪುಟ್ಟ ಮಗು ಏನೂ ಹೇಳದೆ ನನ್ನ ಕೈಗೆ ಹಣೆ ತಾಗಿಸಿ ಓಡಿಹೋಯಿತು. ಅದೂ ಒಂದು ವಂದನೆಯೇ.

ಇಂದಿನ ಹಬ್ಬವೂ ಒಂದು ವಂದನೆಯ ಹಬ್ಬ. ಮಾತೆ ಮರಿಯಮ್ಮನವರು ಜಕರೀಯನ ಮನೆಗೆ ಹೋಗಿ ಎಲಿಜಬೇತಮ್ಮನವರನ್ನು ವಂದಿಸಿದರು ಎಂದು ಸಂತ ಲೂಕ ಬರೆಯುತ್ತಾನೆ. ಅವರು ಯಾವ ಮಾತಿನಿಂದ ವಂದಿಸಿದರೆಂದು ಅವನು ಬರೆದಿಲ್ಲ. ಆದರೆ ಆ ವಂದನೆಯಿಂದ ಏನಾಯಿತೆಂಬುದನ್ನು ಬರೆದಿದ್ದಾನೆ. ಆ ಸ್ವರ ಕಿವಿಗೆ ಬಿದ್ದದ್ದೇ ತಡ, ಗರ್ಭದಲ್ಲಿದ್ದ ಶಿಶು ನಲಿದಾಡಿತು, ತಾಯಿ ಪವಿತ್ರಾತ್ಮಭರಿತಳಾದಳು. ಹೊಸ್ತಿಲಲ್ಲಿ ಆಡಿದ ಒಂದು ಮಾತಿಗೆ ಇಷ್ಟು ಶಕ್ತಿ ಇರುವುದಾದರೆ, ದಿನಕ್ಕೆ ಹತ್ತಾರು ಸಲ ನಾವು ಆಡುವ, ಅಥವಾ ಆಡದೆ ಬಿಡುವ ವಂದನೆಗಳ ಬಗ್ಗೆ ಸ್ವಲ್ಪ ಯೋಚಿಸುವುದು ಒಳ್ಳೆಯದು.

ನಮ್ಮ ನೆಲದ ವಂದನೆಗಳು

ದೇವರು ನಮ್ಮನ್ನು ಇಟ್ಟಿರುವ ಈ ಊರುಗಳನ್ನು ನೋಡಿ. ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ ಗೊಮ್ಮಟನ ಬೆಟ್ಟದ ಕೆಳಗೆ ಜೈನ ಬಂಧುಗಳು "ಜೈ ಜಿನೇಂದ್ರ" ಎಂದು ಕೈ ಮುಗಿಯುತ್ತಾರೆ. ಕಾಪುವಿನ ಪೇಟೆಯಲ್ಲಿ ಮುಸ್ಲಿಂ ಸಹೋದರರು ಸಲಾಂ ಹೇಳಿ ಒಬ್ಬರಿಗೊಬ್ಬರು ಶಾಂತಿ ಕೋರುತ್ತಾರೆ. ನಮ್ಮ ಯೇಸುಸ್ವಾಮಿ ಪುನರುತ್ಥಾನರಾದ ಸಂಜೆ ಶಿಷ್ಯರಿಗೆ ಕೋರಿದ್ದು ಸಹ ಶಾಂತಿಯನ್ನೇ. ತುಳುವಿನಲ್ಲಿ "ಸೊಲ್ಮೆಲು" ಎಂಬ ಸೊಗಸಾದ ಶಬ್ದವಿದೆ. ಉಡುಪಿಯ ಗೌಡ ಸಾರಸ್ವತ ಮನೆಗಳಲ್ಲಿ "ದೇವು ಬರೆಂ ಕರೊ" ಎನ್ನುತ್ತಾರೆ. ನಾವು "ದೇವ್ ಬರೆಂ ಕರುಂ" ಎನ್ನುತ್ತೇವೆ. ಧರ್ಮ ಬೇರೆಯಾದರೂ ದೇವರು ಒಳ್ಳೆಯದು ಮಾಡಲಿ ಎಂಬ ಹಾರೈಕೆ ಎರಡು ಮನೆಗಳಲ್ಲೂ ಒಂದೇ.

ಇನ್ನೊಂದು ವಿಷಯ ಗಮನಿಸಿ. ನಮ್ಮ ಕಡೆ ಭೇಟಿಯಾದ ಕೂಡಲೇ ಕೇಳುವ ಮೊದಲ ಪ್ರಶ್ನೆ ಊಟದ್ದು. ತುಳುವಿನವರು "ಒಣಸ್ ಆಂಡಾ?" ಎನ್ನುತ್ತಾರೆ, ಕೊಂಕಣಿಯವರು "ಜೆವಣ್ ಜಾಲೆಂ?" ಎನ್ನುತ್ತಾರೆ, ಕನ್ನಡದವರು "ಊಟ ಆಯ್ತಾ?" ಎನ್ನುತ್ತಾರೆ. ಆ ಪ್ರಶ್ನೆಯ ಹಿಂದೆ, ನೀನು ಹಸಿದಿದ್ದರೆ ನಾನು ಸುಮ್ಮನಿರಲಾರೆ ಎಂಬ ಕಾಳಜಿ ಇದೆ. ಹಳೆಯ ಮನೆಗಳಲ್ಲಿ ಬಂದವರಿಗೆ ಮೊದಲು ಕಾಲು ತೊಳೆಯಲು ನೀರು, ಆಮೇಲೆ ಬೆಲ್ಲ-ನೀರು, ಊಟದ ಬಳಿಕ ವೀಳ್ಯದ ತಟ್ಟೆ. ಬಂದ ಕಾರ್ಯವೇನೆಂದು ಕೇಳುವುದು ಇವೆಲ್ಲ ಆದ ಮೇಲೆ. ಹೊರಡುವಾಗಲೂ "ಹೋಗುತ್ತೇನೆ" ಎಂದು ಯಾರೂ ಹೇಳುವುದಿಲ್ಲ. ಕನ್ನಡದಲ್ಲಿ "ಹೋಗಿ ಬರುತ್ತೇನೆ", ತುಳುವಿನಲ್ಲಿ "ಪೋದು ಬರ್ಪೆ", ಕೊಂಕಣಿಯಲ್ಲಿ "ವಚೊನ್ ಯೆತಾಂ". ಅಗಲಿಕೆಯ ಮಾತಿನಲ್ಲೇ ಮರುಭೇಟಿಯ ಭರವಸೆಯನ್ನು ನಮ್ಮ ಹಿರಿಯರು ಸೇರಿಸಿಟ್ಟಿದ್ದಾರೆ.

ಫರಿಸಾಯನಾದ ಸಿಮೋನನ ಮನೆಯಲ್ಲಿ ಯೇಸುಸ್ವಾಮಿಗೆ ಆದ ನೋವೂ ಇದೇ ವಿಷಯದ್ದು (ಲೂಕ 7:36-50). ಊಟಕ್ಕೆ ಕರೆದವನು ಕಾಲಿಗೆ ನೀರು ಕೊಡಲಿಲ್ಲ, ಮುದ್ದಿಟ್ಟು ಸ್ವಾಗತಿಸಲಿಲ್ಲ, ತಲೆಗೆ ಎಣ್ಣೆ ಹಚ್ಚಲಿಲ್ಲ. ಊಟ ಇತ್ತು, ವಂದನೆ ಇರಲಿಲ್ಲ. ಪ್ರಭು ಅದನ್ನು ಗಮನಿಸಿದರು, ಮುಚ್ಚಿಡದೆ ಹೇಳಿಯೂ ಹೇಳಿದರು. ಆದುದರಿಂದ ವಂದನೆ-ಉಪಚಾರಗಳು ಬರೀ ಲೌಕಿಕ ಶಿಷ್ಟಾಚಾರ, ಭಕ್ತಿಗೂ ಅದಕ್ಕೂ ಏನು ಸಂಬಂಧ ಎಂದು ನಾವು ತಿಳಿಯಬಾರದು.

ನನ್ನ ಸೆಮಿನರಿಯ ಸಂಗಾತಿ ಗುರುಗಳೊಬ್ಬರು ಆಫ್ರಿಕಾದ ತಾಂಜಾನಿಯ ದೇಶದಲ್ಲಿ ಸೇವೆ ಸಲ್ಲಿಸಿ ಬಂದವರು. ಆ ದೇಶದಲ್ಲಿ 100ಕ್ಕೂ ಹೆಚ್ಚು ಜನಾಂಗಗಳಿವೆ. ಒಂದೊಂದಕ್ಕೂ ತನ್ನ ಭಾಷೆ, ತನ್ನ ರೀತಿ. ಆದರೂ ಸ್ವಾಹಿಲಿ ಭಾಷೆಯ ಕೆಲವು ವಂದನೆಗಳು ಎಲ್ಲರನ್ನೂ ಕಟ್ಟಿ ಹಿಡಿದಿವೆ. ಕಿರಿಯರು ಹಿರಿಯರಿಗೆ "ಶಿಕಮೋ" ಎನ್ನಬೇಕು, ಹಿರಿಯರು "ಮರಹಬಾ" ಎಂದು ಅದನ್ನು ಸ್ವೀಕರಿಸಬೇಕು. ನಿಮ್ಮ ಪಾದ ಹಿಡಿಯುತ್ತೇನೆ ಎಂಬುದು ಆ ಶಬ್ದದ ಮೂಲ ಅರ್ಥವಂತೆ. ಮನೆಯ ಹೊರಗೆ ನಿಂತು "ಹೋಡಿ" ಎಂದು ಕೂಗಬೇಕು, ಒಳಗಿನಿಂದ "ಕರಿಬು" ಎಂದು ಕರೆ ಬಂದ ಮೇಲೆಯೇ ಒಳಗೆ ಕಾಲಿಡಬೇಕು. ಮನೆಯವರು ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ, ಕೆಲಸ ಹೇಗಿದೆ ಎಂದೆಲ್ಲ ಕೇಳದೆ ನೇರವಾಗಿ ವಿಷಯಕ್ಕೆ ಬಂದರೆ ಅದು ಒರಟುತನ. "ಮೊದಲ ತಿಂಗಳು ಅವಸರದಲ್ಲಿ ಮಾತಾಡಿ ಎಲ್ಲರಿಗೂ ಬೇಸರ ಮಾಡಿದೆ, ಆಮೇಲೆ ನನ್ನ ಅಜ್ಜಿಯ ಮನೆ ನೆನಪಾಯಿತು, ಎಲ್ಲ ಸುಲಭವಾಯಿತು" ಎಂದು ಅವರು ನಗುತ್ತಾ ಹೇಳುತ್ತಿದ್ದರು.

ಪ್ರಿಯರೇ, ಇಂದಿನ ಶುಭಸಂದೇಶದ ಬೆಳಕಿನಲ್ಲಿ ಮೂರು ವಿಷಯಗಳನ್ನು ನಿಮ್ಮ ಮುಂದಿಡುತ್ತೇನೆ.

1. ಮೊದಲು ವಂದಿಸುವವರು ಚಿಕ್ಕವರಾಗುವುದಿಲ್ಲ

ದೇವಮಾತೆಯಾಗಲಿದ್ದವರು ಮರಿಯಮ್ಮನವರು. ಗೌರವದ ಲೆಕ್ಕ ಹಾಕಿದರೆ ಎಲಿಜಬೇತಮ್ಮನವರೇ ನಜರೇತಿಗೆ ಬರಬೇಕಿತ್ತು. ಆದರೆ ಗರ್ಭವತಿಯಾದ ಈ ಯುವತಿಯೇ ಜುದೇಯದ ಗುಡ್ಡಗಾಡಿನ ದಾರಿ ಹಿಡಿದರು. ಸಂಪ್ರದಾಯ ತೋರಿಸುವ ಐನ್ ಕರೇಮ್ ಎಂಬ ಊರಿಗೆ ನಜರೇತಿನಿಂದ 100 ಕಿಲೋಮೀಟರಿಗೂ ಹೆಚ್ಚು ದೂರ. ಕಾರ್ಕಳದಿಂದ ಉಡುಪಿಗೆ ನಡೆದು, ಪುನಃ ನಡೆದು ಮರಳಿದರೂ ಅಷ್ಟಾಗದು. ದಾರಿಯಲ್ಲಿ ಅವರು ಅವಸರವಾಗಿ ನಡೆದರು. ಆದರೆ ಮನೆಯೊಳಗೆ ಅವಸರವಿರಲಿಲ್ಲ. ವಂದಿಸಿದರು, ಸುಮಾರು ಮೂರು ತಿಂಗಳು ಅಲ್ಲೇ ಉಳಿದರು. ನಾವು ಇದನ್ನು ತಿರುವುಮುರುವು ಮಾಡಿದ್ದೇವೆ. ದಾರಿಯಲ್ಲಿ ಮೊಬೈಲ್ ನೋಡುತ್ತಾ ನಿಲ್ಲುತ್ತೇವೆ, ಮನೆಯ ಹಿರಿಯರ ಹತ್ತಿರ ಎರಡು ಮಾತಾಡಲು ಅವಸರ ಪಡುತ್ತೇವೆ.

ನಮ್ಮ ಕುಟುಂಬಗಳಲ್ಲಿ ಬೆಸಾಂವ್ ಕೇಳುವ ಪದ್ಧತಿ ಇತ್ತು. ಸಂಜೆಯ ಆಮೊರಿಯ ಗಂಟೆ ಕೇಳಿ, ತೆರ್ಸ್ ಮುಗಿಸಿ, ಮಕ್ಕಳು ಹಿರಿಯರಿಂದ ಪ್ರಾರಂಭಿಸಿ ಒಬ್ಬೊಬ್ಬರ ಹತ್ತಿರ ಹೋಗಿ ಆಶೀರ್ವಾದ ಬೇಡುತ್ತಿದ್ದರು. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಮನೆಗೆ ಬಂದ ನೆಂಟರು, ಎಲ್ಲರೂ ತಲೆಯ ಮೇಲೆ ಕೈಯಿಟ್ಟು ಹರಸುತ್ತಿದ್ದರು. ಹಗಲು ಬೈಗುಳ ತಿಂದ ಮಗನೂ ರಾತ್ರಿ ಅಪ್ಪನ ಕೈ ತನ್ನ ತಲೆಯ ಮೇಲಿರುವುದನ್ನು ಅನುಭವಿಸಿಯೇ ಮಲಗುತ್ತಿದ್ದ. ಆ ದಿನದ ಜಗಳ ಆ ದಿನಕ್ಕೇ ಮುಗಿಯುತ್ತಿತ್ತು. ಇಂದು ಎಷ್ಟು ಮನೆಗಳಲ್ಲಿ ಇದು ಉಳಿದಿದೆ? ಕೊಲ್ಲಿ ದೇಶದಲ್ಲಿರುವ ಮಗ ಫೋನಿನಲ್ಲಿ ಅಮ್ಮನ ಮುಖ ನೋಡಿ ಬೆಸಾಂವ್ ಕೇಳುತ್ತಾನೆ, ಅಮ್ಮ ಫೋನಿನ ಮೇಲೆಯೇ ಶಿಲುಬೆಯ ಗುರುತು ಹಾಕುತ್ತಾರೆ. ಇದನ್ನು ಕೆಲವು ಮನೆಗಳಲ್ಲಿ ಕಂಡು ನನ್ನ ಕಣ್ಣು ತೇವವಾಗಿದೆ. ದೂರದಲ್ಲಿದ್ದವನಿಗೆ ಅದರ ಬೆಲೆ ಗೊತ್ತು. ಹತ್ತಿರದ ಕೋಣೆಯಲ್ಲಿರುವ ನಮಗೆ ಮರೆತುಹೋಗಿದೆ.

ಹಿರಿಯರಿಗೂ ಒಂದು ಮಾತು. ಮಕ್ಕಳು ವಂದಿಸುವುದಿಲ್ಲವೆಂದು ನಾವು ದೂರುತ್ತೇವೆ. ಆದರೆ ಕನ್ಯಾಮರಿಯಮ್ಮನವರಿಗೆ ವಂದನೆಯನ್ನು ಮೊದಲು ಸಲ್ಲಿಸಿದವನು ಸ್ವರ್ಗದಿಂದ ಬಂದ ಗಬ್ರಿಯೇಲ್ ದೂತ. ದೊಡ್ಡವರು ಮೊದಲು ವಂದಿಸಿದರೆ ಚಿಕ್ಕವರು ತಾವಾಗಿ ಕಲಿಯುತ್ತಾರೆ. ತೆರ್ಸಿನಲ್ಲಿ ನಾವು ಹೇಳುವ ನಮಾನ್ ಮರಿಯೆ ಪ್ರಾರ್ಥನೆಯ ನಮಾನ್ ಎಂಬ ಶಬ್ದಕ್ಕೆ ಅರ್ಥವೇ ವಂದನೆ. ಒಂದು ತೆರ್ಸಿನಲ್ಲಿ 53 ಸಲ ನಾವು ದೇವಮಾತೆಯನ್ನು ವಂದಿಸುತ್ತೇವೆ. ಮಾತೆಗೆ 53 ವಂದನೆ ಸಲ್ಲಿಸಿದ ಬಾಯಿಯಿಂದ ಪಕ್ಕದ ಮನೆಯವರಿಗೆ ಒಂದು ವಂದನೆಯೂ ಬರದಿದ್ದರೆ, ಆ ತಾಯಿಗೆ ಸಂತೋಷವಾದೀತೇ?

2. ನಮ್ಮ ಕಣ್ಣಿಗೆ ಕಾಣದವರು

ಈಗ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನಿದ್ದ ಧರ್ಮಕೇಂದ್ರದಲ್ಲಿ ಆವರಣದ ಗೋಡೆ ಕಟ್ಟುವ ಕೆಲಸ ನಡೆದಿತ್ತು. ಕೊಪ್ಪಳದ ಕಡೆಯಿಂದ ಬಂದ ಗಂಡ-ಹೆಂಡತಿ ಕೆಂಪುಕಲ್ಲು ಹೊರುತ್ತಿದ್ದರು. ದಿನಾ ಬೆಳಿಗ್ಗೆ ಬಲಿಪೂಜೆ ಮುಗಿಸಿ ಅವರ ಎದುರಿನಿಂದಲೇ ನಾನು ಹೋಗುತ್ತಿದ್ದೆ. ಮಾತು ಏನಿದ್ದರೂ "ಏಯ್, ಆ ಕಲ್ಲು ಈಚೆ ಹಾಕು" ಎನ್ನುವಷ್ಟೇ. ಒಂದು ಮಧ್ಯಾಹ್ನ ಮಳೆ ಬಂತು, ಎಲ್ಲರೂ ಮಾಡಿನ ಕೆಳಗೆ ನಿಂತೆವು. ಆ ಮನುಷ್ಯ ನನ್ನನ್ನು ನೋಡಿ, "ಯಪ್ಪಾ, ಉಂಡಿಯೇನು?" ಎಂದು ಕೇಳಿದರು. ಪಕ್ಕದಲ್ಲಿದ್ದ ಗುರಿಕಾರರಿಗೆ ಸಿಟ್ಟು ಬಂತು. "ಫಾದರ್‌ಗೆ ಏಕವಚನವಾ? ಮಾತಾಡಲು ಕಲಿತಿಲ್ಲವಾ?" ಎಂದು ಗದರಿದರು. ಆ ಬಡವನ ಮುಖ ಬಾಡಿಹೋಯಿತು.

ನಮ್ಮ ಕರಾವಳಿಯಲ್ಲಿ ಶಾಲೆಗೆ ಹೋಗುವ ಮಕ್ಕಳನ್ನೂ "ನೀವು" ಎಂದು ಕರೆಯುವ ರೂಢಿಯಿದೆ. ತುಳುವಿನಲ್ಲಿ "ಈ" ಬೇರೆ, "ಈರ್" ಬೇರೆ. ಆದರೆ ಘಟ್ಟದ ಆಚೆ ಉತ್ತರ ಕರ್ನಾಟಕದಲ್ಲಿ "ಯಪ್ಪಾ" ಎಂದು ಕರೆಯುವುದು ಹೆತ್ತ ತಂದೆಯನ್ನು, ಮಠದ ಸ್ವಾಮಿಗಳನ್ನು. ಅಲ್ಲಿ ಏಕವಚನ ಹತ್ತಿರದವರ ಮಾತು. ಅವರು ನನ್ನನ್ನು ತಂದೆಯೆಂದು ಕರೆದು ಊಟವಾಯಿತೇ ಎಂದು ವಿಚಾರಿಸಿದ್ದರು. ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಏಕವಚನ ನಾನೂ ಬಳಸಿದ್ದೆ. ಅವರ ಏಕವಚನದಲ್ಲಿ ಮಗನ ಅಕ್ಕರೆ ಇತ್ತು, ನನ್ನದರಲ್ಲಿ ಯಜಮಾನನ ಗತ್ತು ಇತ್ತು. ಮೂರು ವಾರಗಳಿಂದ ಇಗರ್ಜಿಯ ಗೋಡೆ ಕಟ್ಟುತ್ತಿದ್ದ ಆ ದಂಪತಿಯ ಹೆಸರು ಏನೆಂದು ನಾನು ಕೇಳಿಯೇ ಇರಲಿಲ್ಲ. ಅವರು ಉಂಡರೇ ಎಂದಂತೂ ಕೇಳಿರಲೇ ಇಲ್ಲ. ಅಂದು ಸಂಜೆ ಹೋಗಿ ಕ್ಷಮೆ ಕೇಳಿದೆ. "ಅದಕ್ಕೇನಾತು ಬಿಡ್ರಿ" ಎಂದು ಅವರು ಬಹುವಚನದಲ್ಲಿ ಹೇಳಿದರು. ಆ ಬಹುವಚನ ಇಂದಿಗೂ ನನ್ನನ್ನು ಚುಚ್ಚುತ್ತದೆ. ನಮ್ಮ ನಡುವೆ ಇದ್ದ ಸಲಿಗೆಯನ್ನು ನಾವೇ ಹೊಡೆದು ಹಾಕಿದ್ದೆವು.

ರೂತಳ ಗ್ರಂಥದಲ್ಲಿ ಬೋವಜ ಎಂಬ ಹೊಲದ ಒಡೆಯ ಬರುತ್ತಾನೆ. ಕೊಯ್ಲಿನ ದಿನ ಹೊಲಕ್ಕೆ ಬಂದವನು ಕೆಲಸ ಎಷ್ಟಾಯಿತೆಂದು ಮೊದಲು ಕೇಳಲಿಲ್ಲ. ದೇವರು ಕೂಲಿಯಾಳುಗಳ ಸಂಗಡ ಇರಲೆಂದು ಹಾರೈಸಿದ. ಅವರೂ ಅವನಿಗೆ ದೇವರ ಆಶೀರ್ವಾದ ಕೋರಿದರು (ರೂತ್ 2:4). ಬಲಿಪೂಜೆಯ ಪ್ರಾರಂಭದಲ್ಲಿ ಗುರುಗಳೂ ನೀವೂ ವಿನಿಮಯ ಮಾಡಿಕೊಳ್ಳುವ ವಂದನೆ ಅದನ್ನೇ ನೆನಪಿಸುತ್ತದೆ. ಒಡೆಯನೂ ಆಳೂ ಹೊಲದಲ್ಲಿ ಹೇಳಿಕೊಂಡ ಮಾತನ್ನು ನಾವು ಪೀಠದ ಮುಂದೆ ಹೇಳುತ್ತೇವೆ. ಆದರೆ ಹೊಲದಲ್ಲಿ, ಅಂಗಳದಲ್ಲಿ, ದೋಣಿಯ ಬಳಿ ಅದನ್ನು ಬಿಟ್ಟುಬಿಟ್ಟಿದ್ದೇವೆ.

ನಮ್ಮ ಜಿಲ್ಲೆಯ ಕೊರಗ ಬಂಧುಗಳನ್ನು ನೆನಪಿಸಿಕೊಳ್ಳಿ. ಅಜಲು ಎಂಬ ಪದ್ಧತಿಯ ಹೆಸರಿನಲ್ಲಿ ತಲೆತಲಾಂತರದಿಂದ ಅವರಿಗೆ ಅಮಾನುಷ ಅವಮಾನವಾಯಿತು. 2000ದಲ್ಲಿ ಕರ್ನಾಟಕ ಸರಕಾರ ಕಾನೂನು ಮಾಡಿ ಅಜಲನ್ನು ನಿಷೇಧಿಸಿತು. ಕಾನೂನು ಅವಮಾನವನ್ನು ತಡೆಯಬಲ್ಲದು. ಎದುರಾದಾಗ ನಿಂತು "ಹೇಗಿದ್ದೀರಿ ಅಣ್ಣ?" ಎಂದು ಕೇಳುವ ಮನಸ್ಸನ್ನು ಅದು ಕೊಡಲಾರದು. ಅದು ನಮ್ಮ ಕೆಲಸ. ನಮ್ಮ ಕ್ರೈಸ್ತ ಸಮುದಾಯದೊಳಗೂ ಜಾತಿ, ಮನೆತನ, ಹಣ ನೋಡಿ ವಂದನೆಯ ತೂಕ ಹೆಚ್ಚು ಕಡಿಮೆ ಮಾಡಿದ್ದುಂಟು. ಇದನ್ನು ಒಪ್ಪಿಕೊಳ್ಳದೆ ನಾವು ಹಬ್ಬ ಆಚರಿಸಲಾರೆವು.

1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಪ್ರಾರಂಭವಾದಂದಿನಿಂದ ಮಣಿಪಾಲಕ್ಕೆ ದೇಶ ವಿದೇಶಗಳ ಮಕ್ಕಳು ಕಲಿಯಲು ಬರುತ್ತಿದ್ದಾರೆ. ಈಶಾನ್ಯ ರಾಜ್ಯದ ಒಬ್ಬ ವಿದ್ಯಾರ್ಥಿನಿ ಭಾನುವಾರ ತಪ್ಪದೆ ನಮ್ಮ ಬಲಿಪೂಜೆಗೆ ಬರುತ್ತಿದ್ದಳು. ಕಲಿಕೆ ಮುಗಿಸಿ ಊರಿಗೆ ಹೊರಡುವಾಗ ಬಂದು ಹೇಳಿದಳು: "ಫಾದರ್, ಇಲ್ಲಿಯ ಹಾಡುಗಳು ತುಂಬಾ ಇಷ್ಟ. ಆದರೆ ಪೂಜೆ ಮುಗಿದ ಮೇಲೆ ನನ್ನ ಹೆಸರು ಯಾರೂ ಕೇಳಲಿಲ್ಲ." ಅವಳು ದೂರಲಿಲ್ಲ, ನಗುತ್ತಲೇ ಹೇಳಿದಳು. ನಮಗೆ ಅವಳ ಭಾಷೆ ಬರುವುದಿಲ್ಲ ಎಂದು ನಾವೆಲ್ಲ ಸುಮ್ಮನಿದ್ದೆವು. ಕೈ ಮುಗಿಯಲು, ನಗಲು, ಒಂದು ಲೋಟ ಚಹಾ ಕೊಡಲು ಯಾವ ಭಾಷೆ ಬೇಕು? ನಮ್ಮ ಸಹೋದರರನ್ನು ಮಾತ್ರ ವಂದಿಸಿದರೆ ಅದರಲ್ಲಿ ದೊಡ್ಡದೇನಿದೆ ಎಂದು ಪ್ರಭು ಗುಡ್ಡದ ಮೇಲಿನ ಬೋಧನೆಯಲ್ಲಿ ಕೇಳಿದ್ದಾರೆ (ಮತ್ತಾಯ 5:47).

ಅನ್ಯರ ರೀತಿಯನ್ನು ಗೌರವಿಸುವುದೂ ವಂದನೆಯ ಭಾಗ. ಕೆಲವರು ಪರಸ್ತ್ರೀ-ಪರಪುರುಷರ ಕೈ ಕುಲುಕುವುದಿಲ್ಲ, ಅಲ್ಲಿ ಕೈ ಮುಗಿದರೆ ಸಾಕು. ಜೈನ ಮನೆಗೆ ಕತ್ತಲಾದ ಮೇಲೆ ಹೋದಾಗ ಅವರು ನಮ್ಮೊಂದಿಗೆ ಉಣ್ಣದಿದ್ದರೆ ಅದು ಅಸಡ್ಡೆಯಲ್ಲ, ಅವರ ವ್ರತ. ತಿಳಿಯದಿದ್ದರೆ ವಿನಯದಿಂದ ಕೇಳೋಣ. ಕೇಳಿದ್ದಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ.

3. ವಂದನೆ ಸುಳ್ಳಾಗಬಾರದು

ಶುಭಸಂದೇಶದಲ್ಲಿ ಇನ್ನೊಂದು ವಂದನೆಯೂ ಇದೆ. ಗೆತ್ಸೆಮನೆ ತೋಪಿನಲ್ಲಿ ಯೂದನು ಪ್ರಭುವಿಗೆ ಮುದ್ದಿಟ್ಟ. ರೀತಿ ಸರಿಯಾಗಿತ್ತು, ಮನಸ್ಸು ಮಾರಾಟವಾಗಿತ್ತು. ಆದುದರಿಂದ ಕೈ ಮುಗಿದರೆ ಮುಗಿಯಿತು ಎನ್ನುವಂತಿಲ್ಲ.

ಬಲಿಪೂಜೆಯಲ್ಲಿ ಪರಮಪ್ರಸಾದಕ್ಕೆ ಮುಂಚೆ ನಾವು ಒಬ್ಬರಿಗೊಬ್ಬರು ಶಾಂತಿ ಕೋರುತ್ತೇವೆ. ಭಾರತದ ಧರ್ಮಸಭೆಗೆ 1969ರಲ್ಲಿ ರೋಮಿನಿಂದ ಹನ್ನೆರಡು ಹೊಂದಾಣಿಕೆಗಳಿಗೆ ಒಪ್ಪಿಗೆ ದೊರೆಯಿತು. ಅವುಗಳಲ್ಲಿ ಒಂದು, ಈ ಶಾಂತಿಯ ಸಂಕೇತವನ್ನು ನಮ್ಮ ನಾಡಿನ ಅಂಜಲಿಯ ಮೂಲಕ, ಅಂದರೆ ಕೈ ಜೋಡಿಸಿ ಸಲ್ಲಿಸಬಹುದು ಎಂಬುದು. ನಮ್ಮ ಅಜ್ಜಿಯರು ಬಾಗಿಲಲ್ಲಿ ಮುಗಿದ ಕೈಗಳನ್ನು ಧರ್ಮಸಭೆ ಪೀಠದ ಹತ್ತಿರಕ್ಕೆ ಕರೆಯಿತು. 2020ರಲ್ಲಿ ಕೊರೋನಾ ಬಂದಾಗ ಕೈ ಕುಲುಕಲು ಹೆದರಿದ ಲೋಕವೂ ಕೈ ಜೋಡಿಸಲು ಕಲಿಯಿತು.

ಆದರೆ ಪೀಠದಲ್ಲಿ ನಿಂತ ಗುರುಗಳಿಗೆ ಎಲ್ಲವೂ ಕಾಣುತ್ತದೆ. ಶಾಂತಿ ಕೋರುವ ಹೊತ್ತಿನಲ್ಲಿ ಎಲ್ಲರೂ ಎಡಕ್ಕೆ ಬಲಕ್ಕೆ ತಿರುಗುತ್ತಾರೆ, ಕೆಲವರು ಮಾತ್ರ ಒಂದೇ ಕಡೆಗೆ ತಿರುಗುತ್ತಾರೆ. ಇನ್ನೊಂದು ಬದಿಯಲ್ಲಿ ಒಡಹುಟ್ಟಿದ ತಮ್ಮನಿದ್ದಾನೆ. ಆಸ್ತಿ ಪಾಲಾದ ದಿನದಿಂದ ಮಾತಿಲ್ಲ. ಎರಡು ಅಂಗಳಗಳ ನಡುವೆ ಒಂದು ತೆಂಗಿನ ಮರ, ಅದರ ಸಲುವಾಗಿ ಹತ್ತು ವರ್ಷದ ಮೌನ. ಹೀಗೆ ಮಾತು ಬಿಟ್ಟ ಮನೆಗಳು ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇವೆ. ಇಲ್ಲಿಯೂ ಇವೆ. ನಾನು ಯಾರ ಕಡೆಗೂ ನೋಡುತ್ತಿಲ್ಲ, ನೀವೂ ನೋಡಬೇಡಿ.

ಕಾಣಿಕೆ ತರುವಾಗ ಸಹೋದರನಿಗೆ ನಮ್ಮ ಮೇಲೆ ಮನಸ್ತಾಪವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕು ಎಂದು ಪ್ರಭು ಹೇಳಿದ್ದಾರೆ (ಮತ್ತಾಯ 5:23-24). ತಪ್ಪು ಯಾರದೆಂದು ಅವರು ಅಲ್ಲಿ ವಿಚಾರಿಸಲಿಲ್ಲ. ಯಾರಿಗೆ ನೆನಪಾಯಿತೋ ಅವರು ಹೊರಡಬೇಕು. "ಅವನು ಮೊದಲು ಮಾತಾಡಲಿ" ಎಂದು ಇಬ್ಬರೂ ಕಾಯುತ್ತಾ ಕಾಯುತ್ತಾ, ಕೊನೆಗೆ ಒಬ್ಬರ ಶವಪೆಟ್ಟಿಗೆಯ ಬಳಿ ಇನ್ನೊಬ್ಬರು ಬಂದು ಅಳುವುದನ್ನು ನಾನು ಕಂಡಿದ್ದೇನೆ. ಅಂದು ಎಷ್ಟು ವಂದಿಸಿದರೂ ಆ ಕಡೆಯಿಂದ ಉತ್ತರ ಬರುವುದಿಲ್ಲ. ಆದುದರಿಂದ ಕಾಲಿಗೆ ಬಲ ಇರುವಾಗಲೇ, ಬಾಗಿಲು ತೆರೆಯುವ ಕೈ ಒಳಗೆ ಇರುವಾಗಲೇ ಹೋಗೋಣ. ಏನು ಮಾತಾಡಲಿ ಎಂಬ ಚಿಂತೆ ಬೇಡ. "ಊಟ ಆಯ್ತಾ?" ಎಂದು ಕೇಳಿದರೆ ಸಾಕು. ನಮ್ಮ ಹಿರಿಯರು ಆ ಪ್ರಶ್ನೆಯನ್ನು ಇಂಥ ಕಷ್ಟದ ಹೊತ್ತಿಗೆಂದೇ ಕಲಿಸಿಕೊಟ್ಟಿರಬೇಕು.

ಪ್ರಿಯ ಸಹೋದರ ಸಹೋದರಿಯರೇ, ನಾಳೆ ಜೂನ್ ಆರಂಭ. ಮಳೆಗಾಲ, ಶಾಲೆ, ಗದ್ದೆಯ ಕೆಲಸ, ಎಲ್ಲವೂ ಒಟ್ಟಿಗೆ ಬರುತ್ತವೆ. ಈ ಹಬ್ಬದ ಕಾಣಿಕೆಯಾಗಿ ಈ ವಾರ ಮೂರು ಕೆಲಸ ಮಾಡೋಣ. ಮೊದಲನೆಯದಾಗಿ, ಇಂದು ರಾತ್ರಿ ತೆರ್ಸ್ ಮುಗಿದ ಬಳಿಕ ಮಕ್ಕಳು ಹಿರಿಯರಲ್ಲಿ ಬೆಸಾಂವ್ ಕೇಳಲಿ. ಅಭ್ಯಾಸ ತಪ್ಪಿದ ಮನೆಯಲ್ಲಿ ಅಪ್ಪ-ಅಮ್ಮಂದಿರೇ ತಮ್ಮ ತಂದೆ-ತಾಯಿಯಲ್ಲಿ ಕೇಳಿ ತೋರಿಸಲಿ. ಎರಡನೆಯದಾಗಿ, ದಿನಾ ಕಾಣುವ, ಆದರೆ ಹೆಸರು ತಿಳಿಯದ ಒಬ್ಬರ ಹೆಸರನ್ನು ಕೇಳಿ ತಿಳಿಯೋಣ. ಕಸ ಒಯ್ಯುವವರಿರಬಹುದು, ಬಸ್ಸಿನ ನಿರ್ವಾಹಕರಿರಬಹುದು, ಪಕ್ಕದ ಬಾಡಿಗೆ ಕೋಣೆಗೆ ಬಂದ ಹೊಸಬರಿರಬಹುದು. ಸಂತ ಪೌಲನು ರೋಮಿನ ಸಭೆಗೆ ಬರೆದ ಪತ್ರದ ಕೊನೆಯಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ವಂದನೆ ಕಳುಹಿಸಿದ್ದಾನೆ. ಅಷ್ಟು ದೊಡ್ಡ ಪ್ರೇಷಿತನಿಗೆ ಹೆಸರು ನೆನಪಿಡಲು ಪುರುಸೊತ್ತು ಇತ್ತು. ಮೂರನೆಯದಾಗಿ, ಮಾತು ಬಿಟ್ಟ ಒಂದು ಮನೆಯ ಹೊಸ್ತಿಲಿಗೆ ನಾವಾಗಿಯೇ ಹೋಗೋಣ.

ಉತ್ತರ ಬರದಿದ್ದರೆ? ಮನೆಗೆ ಕೋರಿದ ಶಾಂತಿಯನ್ನು ಆ ಮನೆಯವರು ಸ್ವೀಕರಿಸದಿದ್ದರೆ ಅದು ಕೋರಿದವರಿಗೇ ಮರಳಿ ಬರುವುದೆಂದು ಪ್ರಭು ಶಿಷ್ಯರಿಗೆ ಮಾತು ಕೊಟ್ಟಿದ್ದಾರೆ (ಲೂಕ 10:5-6). ಒಳ್ಳೆಯ ಮನಸ್ಸಿನ ವಂದನೆ ಎಂದೂ ನಷ್ಟವಾಗುವುದಿಲ್ಲ.

ದೂರದ ಗುಡ್ಡ ಹತ್ತಿ ಬಂದು ಮೊದಲು ವಂದಿಸಿದ ಮಾತೆ ಮರಿಯಮ್ಮನವರೇ, ನಮ್ಮ ಬಿಗಿದ ತುಟಿಗಳನ್ನು ತೆರೆಯಿರಿ. ನಮ್ಮ ಮನೆಗಳ ಹೊಸ್ತಿಲಿಗೂ ಬನ್ನಿರಿ. ನಿಮ್ಮ ಜೊತೆಯಲ್ಲಿ ನಿಮ್ಮ ಮಗನಾದ ಯೇಸುವನ್ನೂ ಕರೆತನ್ನಿರಿ. ಆಮೆನ್.